ಸೇಸಪ್ಪನ ಹಡಗಿನಲ್ಲಿ ಸ್ವಲ್ಪ ಜಾಗ

ಸೇಸಪ್ಪನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ ಎಂಬುದನ್ನು ಕುವೈತಿನ ಅಬ್ಬಾಸಿಯಾದ ಜನ ಅವನಿಗಿಂತ ಮೊದಲೇ ಕಂಡುಕೊಂಡಿದ್ದರು. ಅವನು ಊರಿಗೆ ಟಿಕೆಟ್ ಮಾಡಿಸಿದ ಸುದ್ದಿ ಅವನು ಮನೆ ಸೇರುವ ಮೊದಲೇ ಕಟ್ಟಡದ ಮೆಟ್ಟಿಲು ಹತ್ತಿರುತ್ತಿತ್ತು. ಆಮೇಲೆ ಬಾಗಿಲು ಬಡಿಯುವ ಸದ್ದು ನಿಲ್ಲುತ್ತಿರಲಿಲ್ಲ. “ಸ್ವಲ್ಪ ಜಾಗ ಉಂಟಾ ಸೇಸಪ್ಪಣ್ಣ?” ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅವನ ತಲೆ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಒಬ್ಬರ ಹಾಲಿನ ಪುಡಿ, ಇನ್ನೊಬ್ಬರ ಕಂಬಳಿ, ಯಾರದೋ ಮಾವನ ಮೊಣಕಾಲಿನ ಪಟ್ಟಿ. ಅವಕ್ಕೆ ಜಾಗ ಮಾಡಲು ಸೇಸಪ್ಪ ತನ್ನ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದ. ಒಮ್ಮೆ ಊರಿನ ಮದುವೆಯೊಂದಕ್ಕೆ ಹೋದಾಗ ಅವನ ಒಳ್ಳೆಯ ಅಂಗಿಗಳೆಲ್ಲ ಕುವೈತಿನಲ್ಲೇ ಉಳಿದು, ಮದುಮಗನ ತಮ್ಮನ ಅಂಗಿ ತೊಟ್ಟು ಫೋಟೊಗೆ ನಿಂತಿದ್ದ. ತೋಳು ಮೊಣಕೈಗೇ ಮುಗಿದಿತ್ತು. ಆದರೂ ಫೋಟೊದಲ್ಲಿ ಮದುಮಗನಿಗಿಂತ ಹೆಚ್ಚು ತೃಪ್ತನಾಗಿ ಕಾಣುತ್ತಿದ್ದವನು ಸೇಸಪ್ಪನೇ. ಎಲ್ಲರ ಪೊಟ್ಟಣಗಳೂ ತಲುಪಿದ್ದವು.

ಶರ್ಕಿನ ಒಂದು ಕಚೇರಿಯಲ್ಲಿ ಕಡತ ಜೋಡಿಸುವ ಮನುಷ್ಯನಿಗೆ ಹೆಮ್ಮೆಪಡಲು ಬೇರೇನೂ ಇರಲಿಲ್ಲ. ತನ್ನ ಕೈಯಲ್ಲಿ ಕೊಟ್ಟ ಸಾಮಾನು ಈವರೆಗೆ ಒಡೆದಿಲ್ಲ, ಕಳೆದಿಲ್ಲ ಎಂದು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅದು ನಿಜವೂ ಆಗಿತ್ತು. ಅವನು ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಲು ಊರಿನಲ್ಲಿ ತೆಂಗಿನಕಾಯಿ ಸುಲಿಯುವವನನ್ನು ಕರೆಸಬೇಕಾಗುತ್ತಿತ್ತು.

ಇಂಥ ಮನುಷ್ಯನ ಮನೆಯಲ್ಲಿ ಒಂದು ಬಾಗಿಲು ಮಾತ್ರ ಅವನಿಗೆ ಮುಚ್ಚಿತ್ತು. ಅದು ಮಗಳು ಅಕ್ಷಯಾಳ ಕೋಣೆಯದು.

ಅಕ್ಷಯಾ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಜುಲೈಯಲ್ಲಿ ಮಂಗಳೂರಿನ ಕಾಲೇಜಿಗೆ ಹೋಗುವವಳಿದ್ದಳು. ಅಪ್ಪ ಮಗಳ ನಡುವೆ ಮಾತಿಲ್ಲವೆಂದಲ್ಲ. “ಊಟ ಆಯ್ತಾ ಮಗಾ?” ಎಂದು ಅವನು ಕೇಳುತ್ತಿದ್ದ. “ಯಾ,” ಎಂದು ಅವಳು ಹೇಳುತ್ತಿದ್ದಳು. ಅಲ್ಲಿಗೆ ಆ ದಿನದ ಸಂಭಾಷಣೆ ಸುಸೂತ್ರವಾಗಿ ಮುಗಿಯುತ್ತಿತ್ತು. ಆಮೇಲೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿ ಕಂಪ್ಯೂಟರಿನಲ್ಲಿ ನಕ್ಷತ್ರಗಳ ನಡುವೆ ಹಡಗು ಓಡಿಸುವ ಒಂದು ಆಟಕ್ಕೆ ಕೂರುತ್ತಿದ್ದಳು. ಲೋಕದ ಮೂಲೆಮೂಲೆಯ ಜನ ಒಟ್ಟಿಗೆ ಆಡುವ ಆಟ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಶುರುವಾದದ್ದು. ಜಹ್ರಾದಲ್ಲಿ ಮೊಬೈಲ್ ಅಂಗಡಿಯಲ್ಲಿರುವ ಅಶ್ಕರ್ ಎಂಬ ಹುಡುಗ ನಮ್ಮ ಕಡೆಯವರನ್ನೆಲ್ಲ ಸೇರಿಸಿ ಅದರಲ್ಲಿ ‘ಕರಾವಳಿ ಕಾವಲು’ ಎಂಬ ತಂಡ ಕಟ್ಟಿದ್ದ. ಅವರ ಜೊತೆ ಅಕ್ಷಯಾ ನಗುವುದು ಬಾಗಿಲಿನಾಚೆ ಕೇಳುತ್ತಿತ್ತು. ಆ ನಗು ಊಟದ ಮೇಜಿನವರೆಗೆ ಬರುತ್ತಿರಲಿಲ್ಲ.

ಹದಿಮೂರರ ವಯಸ್ಸಿನಲ್ಲಿ ಒಮ್ಮೆ ಯಾರೋ ಅವಳ ಹಡಗನ್ನು ಹೊಡೆದುರುಳಿಸಿ, ಅವಳು ಊಟ ಬಿಟ್ಟು ಮಲಗಿದ್ದಳು. ಸೇಸಪ್ಪ ಬಾಗಿಲಲ್ಲಿ ನಿಂತು, “ಬರೀ ಆಟ ಅಲ್ವಾ ಮಗಾ, ಬಿಡು,” ಅಂದಿದ್ದ. ಸಮಾಧಾನದ ಮಾತೆಂದೇ ಅವನು ತಿಳಿದಿದ್ದ. ಆಮೇಲಿನ ವರ್ಷಗಳಲ್ಲಿ ಅದನ್ನೇ ಬೇರೆ ಬೇರೆ ಸಂದರ್ಭಗಳಲ್ಲಿ ಧಾರಾಳವಾಗಿ ಬಳಸಿದ್ದ.

ಈ ಮೇ ತಿಂಗಳಲ್ಲಿ, ಅವಳ ಟಿಕೆಟ್ ಬಂದ ದಿನ, ಅವನಿಗೆ ಏನಾಯಿತೋ. ಬಾಗಿಲು ತಟ್ಟಿ, “ನನಗೂ ಕಲಿಸ್ತೀಯಾ?” ಎಂದು ಕೇಳಿದ.

ಅಕ್ಷಯಾ ಹೆಡ್‌ಫೋನಿನ ಒಂದು ಕಿವಿ ತೆಗೆದಳು. “ವಾಟ್?”

“ಆ ಹಡಗು.”

ಅವಳು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಇನ್ನೊಂದು ಕುರ್ಚಿ ಎಳೆದಳು.

ಸೇಸಪ್ಪನಿಗೆ ಕೊಟ್ಟದ್ದು ದಪ್ಪ ಹೊಟ್ಟೆಯ ಒಂದು ಸರಕು ಹಡಗು. ಅದಕ್ಕೆ ಅವನು ‘ಕೊಪ್ಪರಿಗೆ’ ಎಂದು ಹೆಸರಿಟ್ಟ. ಹಡಗಿನ ಮೈಯಲ್ಲಿ ಆರು ಖಾಲಿ ಕಂಡಿಗಳಿದ್ದವು. ಒಂದೊಂದರಲ್ಲೂ ಹಡಗನ್ನು ಕಾಯುವ ಒಂದು ಕವಚ ಕೂರಿಸಬಹುದು. ಇಲ್ಲವೇ ಸಾಮಾನು ಹೆಚ್ಚು ಹಿಡಿಸುವ ಹಾಗೆ ಒಂದು ಅಟ್ಟ ಹಾಕಬಹುದು. ಎರಡೂ ಒಂದೇ ಕಂಡಿಯಲ್ಲಿ ಆಗುವುದಿಲ್ಲ. “ಪಪ್ಪಾ, ನೀವು ಫೈಟರ್ ಅಲ್ಲ. ಓನ್ಲಿ ಡಿಫೆನ್ಸ್,” ಎಂದಳು ಅಕ್ಷಯಾ. ಬೆಂಕಿ, ಕರೆಂಟು, ಸ್ಫೋಟ, ಗುಂಡು ಎಂದು ನಾಲ್ಕು ಬಗೆಯ ಪೆಟ್ಟುಗಳಿವೆ. ನಾಲ್ಕಕ್ಕೂ ಬೇರೆ ಬೇರೆ ಕವಚ ಬೇಕು. ಎಲ್ಲಿ ತೂತು ಉಳಿಯಿತೋ ಶತ್ರು ಅಲ್ಲಿಗೇ ಹೊಡೆಯುತ್ತಾನೆ. ಅವುಗಳ ಇಂಗ್ಲಿಷ್ ಹೆಸರುಗಳು ಸೇಸಪ್ಪನ ಬಾಯಲ್ಲಿ ಕೂರಲಿಲ್ಲ. ಬೆಂಕಿಯದ್ದಕ್ಕೆ ಕೊಡೆ ಎಂದ. ಕರೆಂಟಿನದ್ದು ರಬ್ಬರ್ ಚಪ್ಪಲಿ. ಸ್ಫೋಟಕ್ಕೆ ಗೋಣಿ, ಗುಂಡಿಗೆ ತಗಡು. ಪೆಟ್ಟು ಬಿದ್ದಲ್ಲಿ ತನ್ನಷ್ಟಕ್ಕೆ ದುರಸ್ತಿ ಮಾಡುವ ಐದನೆಯ ಯಂತ್ರ ಮುಲಾಮು. ಆರನೆಯದು ವಿಶೇಷದ್ದು: ಯಾರಾದರೂ ಹಡಗನ್ನು ಹಿಡಿದು ನಿಲ್ಲಿಸಿದರೆ ಜಾರಿಸಿಕೊಂಡು ಓಡಲು ಬಿಡುವಂಥದ್ದು. ಅದಕ್ಕೆ ಅವನು ಇಟ್ಟ ಹೆಸರು ಎಣ್ಣೆ.

“ಎಣ್ಣೆ?” ಎಂದಳು ಅಕ್ಷಯಾ.

“ಕಳ್ಳರು ಮೈಗೆ ಹಚ್ಚಿಕೊಳ್ಳುವುದಿಲ್ಲವಾ, ಹಿಡಿದರೆ ಜಾರಲಿಕ್ಕೆ.”

ಅವಳು ನಕ್ಕಳು. ಬಾಗಿಲಿನಾಚೆ ಕೇಳುತ್ತಿದ್ದ ಅದೇ ನಗು. ಸೇಸಪ್ಪ ಅಲುಗಾಡದೆ ಕುಳಿತಿದ್ದ.

“ಓಕೆ. ಎಣ್ಣೆ. ಡೋಂಟ್ ರಿಮೂವ್ ಎಣ್ಣೆ, ಪಪ್ಪಾ. ಎವರ್.”

ಜೂನ್ ಪೂರ್ತಿ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತರು. ಹೊರಗೆ ಧೂಳು ಬಿಸಿಯಾಗಿ ಹಾರುತ್ತಿತ್ತು, ಒಳಗೆ ಎಸಿ ಗೊಣಗುತ್ತಿತ್ತು. ಅವಳ ಹಡಗು ಮುಂದೆ ಹೋಗಿ ದಾರಿ ನೋಡುವುದು, ಇವನ ಕೊಪ್ಪರಿಗೆ ಹಿಂದಿನಿಂದ ಉರುಳಿಕೊಂಡು ಬರುವುದು. “ಕ್ಲಿಯರ್, ಕಮ್,” ಎಂದು ಅವಳು ಹೇಳುವುದು, “ಬಂದೆ,” ಎಂದು ಇವನು ಹೇಳುವುದು. ಒಟ್ಟು ಮಾತು ಅಷ್ಟೇ. ಆದರೆ ಊಟ ಆಯ್ತಾ, ಯಾ ಎಂಬುದಕ್ಕಿಂತ ಅದು ಎಷ್ಟೋ ಉದ್ದದ ಸಂಭಾಷಣೆ ಎಂದು ಸೇಸಪ್ಪನಿಗೆ ಅನಿಸುತ್ತಿತ್ತು.

ಮನುಷ್ಯ ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸೇಸಪ್ಪ ವಾಟ್ಸಾಪಿನಲ್ಲಿ ತನ್ನ ಹೆಸರಿನ ಮುಂದೆ ‘ಕ್ಯಾಪ್ಟನ್’ ಎಂದು ಬರೆದುಕೊಂಡ.

ಪಕ್ಕದ ಫ್ಲಾಟಿನ ಉಮ್ಮರ್ ಕುಂಞಿ ಅದನ್ನು ಮೊದಲು ನೋಡಿದ. ಸಲ್ವಾದಲ್ಲಿ ಬಕಾಲ, ಅಂದರೆ ದಿನಸಿ ಅಂಗಡಿ, ನಡೆಸುವ ಉಮ್ಮರ್ ಕುಂಞಿಗೆ ಒಂದು ಸುದ್ದಿ ಸಿಕ್ಕಿದರೆ ಅದು ಮೊಟ್ಟೆಯ ಟ್ರೇಯ ಜೊತೆ ಮನೆಮನೆಗೆ ತಲುಪುತ್ತಿತ್ತು. ಅಶ್ಕರ್ ಅವನ ಅಕ್ಕನ ಮಗನೇ ಆದ್ದರಿಂದ ವಿವರಗಳಿಗೂ ಕೊರತೆಯಾಗಲಿಲ್ಲ.

“ಎಂತ ಕ್ಯಾಪ್ಟನ್, ಹಡಗು ಯಾವಾಗ ಹೊರಡುವುದು?” ಎಂದು ಲಿಫ್ಟಿನಲ್ಲಿ ಕೇಳಿದ.

ಕೇಳಿದ್ದು ಕುಚೋದ್ಯಕ್ಕೆ. ಸೇಸಪ್ಪ ಗಂಭೀರವಾಗಿ ಉತ್ತರಿಸಿದ. “ಈ ಶುಕ್ರವಾರ. ಊಟ ಆದ ಮೇಲೆ.”

ಹಡಗು ಹೊರಡುವುದಿತ್ತು ಎಂಬುದು ನಿಜ. ಕರಾವಳಿ ಕಾವಲಿನವರ ಹಳೆಯ ಬಂದರಿನ ಸುತ್ತ ಶತ್ರುಗಳು ಹೆಚ್ಚಾಗಿ, ತಂಡ ದೂರದ ಒಂದು ಸುರಕ್ಷಿತ ಬಂದರಿಗೆ ಸ್ಥಳಾಂತರವಾಗುತ್ತಿತ್ತು. ಅಕ್ಷಯಾಳಿಗೆ ಅಲ್ಲಿಗೆ ಸಾಗಿಸಬೇಕಾದದ್ದು ಒಂದೇ ವಸ್ತು: ಅವಳ ಮೊದಲ ಹಡಗು. ಸಣ್ಣದು, ಯುದ್ಧಕ್ಕೆ ಬಾರದ್ದು, ಈಗ ಯಾರೂ ಮಾಡದ ಹಳೆಯ ಮಾದರಿ. ಹೋದರೆ ಮತ್ತೆ ಸಿಗುವುದಿಲ್ಲ. ಅದಕ್ಕೆ ಅವಳಿಟ್ಟ ಹೆಸರು ‘ಗುಬ್ಬಿ’. ಅವಳು ನಡೆಯಲು ಕಲಿಯುತ್ತಿದ್ದಾಗ ಸೇಸಪ್ಪ ಅವಳನ್ನು ಕರೆಯುತ್ತಿದ್ದ ಹೆಸರು ಅದು. ಪರದೆಯ ಮೇಲೆ ಆ ಹೆಸರು ಕಂಡ ದಿನ ಅವನು ಅದನ್ನು ಎರಡು ಸಲ ಓದಿದ.

“ಕಾಲೇಜಲ್ಲಿ ಟೈಮ್ ಇರಲ್ಲ. ಕೀಪ್ ಇಟ್ ಸೇಫ್ ದೇರ್. ಐ ವಿಲ್ ಕಮ್ ಬ್ಯಾಕ್ ಫಾರ್ ಇಟ್,” ಎಂದು ಗುಬ್ಬಿಯನ್ನು ಮಡಚಿ ಕೊಪ್ಪರಿಗೆಯ ಹೊಟ್ಟೆಯಲ್ಲಿ ಇಟ್ಟಳು. ಅವಳು ಅಪ್ಪನ ಕೈಯಲ್ಲಿ ತಾನಾಗಿ ಕೊಟ್ಟ ಮೊದಲ ಸಾಮಾನು ಅದು. “ಶುಕ್ರವಾರ ರಿಯೋನಾಳ ಮನೆಯಲ್ಲಿ ಫೇರ್‌ವೆಲ್ ಲಂಚ್. ಐದಕ್ಕೆ ಬರ್ತೇನೆ. ವೆಯ್ಟ್ ಫಾರ್ ಮಿ. ನಾನು ಮುಂದೆ ಹೋಗ್ತೇನೆ, ಓಕೆ?”

“ಓಕೆ,” ಅಂದ ಸೇಸಪ್ಪ.

ಮಾರನೆಯ ದಿನದಿಂದ ಜನ ಬರತೊಡಗಿದರು.

ಮೊದಲು ಅಶ್ಕರ್ ಫೋನ್ ಮಾಡಿದ. “ಅಂಕಲ್, ಹೇಗೂ ಹೋಗ್ತಿದ್ದೀರಿ. ಸ್ವಲ್ಪ ಜಾಗ ಉಂಟಾ? ಎರಡೇ ಪೆಟ್ಟಿಗೆ ಮದ್ದುಗುಂಡು.” ಸೇಸಪ್ಪನ ತಲೆ ಮೇಲೆ ಕೆಳಗೆ ಆಡಿತು. ಫೋನಿನಲ್ಲಿ ತಲೆ ಕಾಣುವುದಿಲ್ಲವಾದ್ದರಿಂದ ಬಾಯಿಯಿಂದಲೂ ಹೇಳಿದ. ಕೊಡೆ ತೆಗೆದು ಅಲ್ಲೊಂದು ಅಟ್ಟ ಹಾಕಿದ. ಬಾಹ್ಯಾಕಾಶದಲ್ಲಿ ಎಷ್ಟೆಂದರೂ ತಣ್ಣಗಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಲ್ವಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಫೆಲ್ಸಿ ಅದೇ ತಂಡದವಳು. ಅವಳು ಆಟದಲ್ಲಿ ಯಾವುದೋ ಗ್ರಹದಿಂದ ಕಲ್ಲು ಅಗೆದು ಕೂಡಿಟ್ಟಿದ್ದಳು.

“ಕಲ್ಲಾ ಫೆಲ್ಸಿಬಾಯಿ?”

“ಒಳ್ಳೆ ಕಲ್ಲು ಅಂಕಲ್. ನೀವು ನನ್ನ ಅಮ್ಮನಿಗೆ ಈಸ್ಟರಿಗೆ ಓವನ್ ತಗೊಂಡು ಹೋಗಿ ಕೊಟ್ಟದ್ದು ಅವರು ಈಗಲೂ ಹೇಳ್ತಾರೆ.”

ಓವನ್ನಿನ ಹೆಸರು ಬಂದ ಮೇಲೆ ಸೇಸಪ್ಪನ ತಲೆ ಮತ್ತೆ ಮೇಲೆ ಕೆಳಗೆ ಆಡಿತು. ಕಲ್ಲು ಭಾರ. ಗೋಣಿಯೂ ಹೋಯಿತು, ತಗಡೂ ಹೋಯಿತು.

ಮೂರನೆಯವನು ಕಚೇರಿಯ ಮಂದೂಬ್ ಶಬೀರ್. ಕಂಪನಿಯವರ ಇಕಾಮಾದ, ಅಂದರೆ ವಾಸದ ಪರವಾನಗಿಯ, ಕಾಗದಗಳನ್ನು ಹಿಡಿದು ಸರಕಾರಿ ಕಚೇರಿಗಳಿಗೆ ಓಡಾಡುವವನು ಅವನೇ ಆದ್ದರಿಂದ, ಅವನು ಕೆಮ್ಮಿದರೆ ಇಡೀ ಮಹಡಿ ನೀರು ತಂದುಕೊಡುತ್ತಿತ್ತು. ಕ್ಯಾಪ್ಟನ್ ಸುದ್ದಿ ಕೇಳಿ ಎರಡು ದಿನದ ಹಿಂದಷ್ಟೇ ಅವನೂ ಆಟಕ್ಕೆ ಸೇರಿದ್ದ. ಸಾಮಾನು ಏನೂ ಇರಲಿಲ್ಲ. ಆದರೂ ಎಲ್ಲರೂ ಕಳಿಸುತ್ತಿರುವಾಗ ತಾನೊಬ್ಬ ಕಳಿಸದೆ ಇರುವುದು ಅವನಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಎಲ್ಲಿಂದಲೋ ಮುರಿದ ಹಡಗಿನ ತುಂಡುಗಳನ್ನು ಒಟ್ಟುಮಾಡಿ ತಂದ.

“ಇದು ಗುಜರಿ ಅಲ್ವಾ ಶಬೀರ್ ಭಾಯಿ?”

“ಇರಲಿ. ಅಲ್ಲಿ ಉಪಯೋಗಕ್ಕೆ ಬರ್ತದೆ.” ಶಬೀರ್ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. “ನಿಮ್ಮ ಇಕಾಮಾ ರಿನ್ಯೂ ಮಾಡುವುದು ಮುಂದಿನ ತಿಂಗಳು ಅಲ್ವಾ ಸೇಸಪ್ಪಣ್ಣ?”

ಸೇಸಪ್ಪ ರಬ್ಬರ್ ಚಪ್ಪಲಿ ಬಿಚ್ಚಿದ. ಮುಲಾಮನ್ನೂ ತೆಗೆದಿಟ್ಟ.

ಎಣ್ಣೆ ಒಂದು ಉಳಿಯಿತು. ಅದನ್ನು ಮಾತ್ರ ಮುಟ್ಟುವುದಿಲ್ಲ ಎಂದು ಅವನು ಗಟ್ಟಿಮನಸ್ಸು ಮಾಡಿದ್ದ. ಗುರುವಾರ ಊಟ ಬಡಿಸುತ್ತಾ ಹೆಂಡತಿ ಸುಗಂಧಿ ಹೇಳಿದಳು: “ಅಕ್ಕ ಫೋನ್ ಮಾಡಿದ್ದಳು. ತಿಲಕನದ್ದೂ ಎಂತದೋ ಉಂಟಂತೆ, ನಿಮ್ಮ ಹಡಗಿಗೆ.”

“ಜಾಗ ಇಲ್ಲ ಸುಗಂಧಿ.”

“ಜಾಗ ಇಲ್ಲ ಅಂತ ನಾನು ಅಕ್ಕನಿಗೆ ಹೇಳುವುದಾ?” ಅವಳು ಸೌಟನ್ನು ಪಾತ್ರೆಗೆ ವಾಪಸು ಹಾಕಿದಳು. “ಆ ಫೆಲ್ಸಿಯ ಕಲ್ಲಿಗೆ ಜಾಗ ಉಂಟು. ಶಬೀರನ ಗುಜರಿಗೆ ಜಾಗ ಉಂಟು. ನನ್ನ ಅಕ್ಕನ ಮಗನಿಗೆ ಇಲ್ಲ. ಆಗಲಿ. ಹಾಗೆಯೇ ಹೇಳ್ತೇನೆ.”

ಪಾತ್ರೆಗೆ ಹೋದ ಸೌಟು ಹೊರಗೆ ಬರಲಿಲ್ಲ. ಸೇಸಪ್ಪ ಅನ್ನವನ್ನು ನೋಡಿದ. ಅದರ ಮೇಲೆ ಸಾರು ಬೀಳುವ ಲಕ್ಷಣ ಇರಲಿಲ್ಲ. ಊಟದ ನಂತರ ಹೋಗಿ ಎಣ್ಣೆ ತೆಗೆದ.

ಹೀಗೆ ಆರು ಕವಚಗಳಿದ್ದ ಹಡಗು ಆರು ಅಟ್ಟಗಳ ಹಡಗಾಯಿತು. ಅಂಗಿಗಳೆಲ್ಲ ಹೊರಗೆ ಬಂದು, ಪೊಟ್ಟಣಗಳೆಲ್ಲ ಒಳಗೆ ಹೋದವು. ತಳದಲ್ಲಿ, ಕಲ್ಲು ಗುಜರಿಗಳ ಅಡಿಯಲ್ಲಿ, ಗುಬ್ಬಿ ಇತ್ತು.

ಶುಕ್ರವಾರ ಸೇಸಪ್ಪ ತನ್ನ ಲ್ಯಾಪ್‌ಟಾಪನ್ನು ಹಾಲಿಗೆ ತಂದಿಟ್ಟ. ಊಟವಾಗುತ್ತಲೇ ಅಲ್ಲಿ ಜನ ಸೇರಿದರು. ಊರಿಗೆ ಹೋಗುವವರನ್ನು ಕಳಿಸಿಕೊಡಲು ಬರುವುದು ಅಬ್ಬಾಸಿಯಾದ ರೂಢಿ, ಹಡಗಾದರೇನು, ವಿಮಾನವಾದರೇನು. ಶಬೀರ್ ಸೋಫಾದ ನಡುವೆ ಕುಳಿತ. ಉಮ್ಮರ್ ಕುಂಞಿ ಖರ್ಜೂರ ತಂದ. ಅವನ ಹಿಂದೆ, ಮಗನ ಮನೆಗೆ ವಿಸಿಟಿಗೆ ಬಂದಿರುವ ಅವನ ತಾಯಿ ಬೀಪಾತುಮ್ಮ, ಟವೆಲಿನಲ್ಲಿ ಸುತ್ತಿದ ಒಂದು ಕುಕ್ಕರನ್ನು ಮಗುವಿನಂತೆ ಎತ್ತಿಕೊಂಡು ಬಂದರು.

“ಮೋನೆ, ಮಗನೇ, ಇದು ಊರಿನಲ್ಲಿ ನನ್ನ ಮಗಳು ಶಿಫಾನಾಳಿಗೆ. ವಿಮಾನದಲ್ಲಿ ತೂಕ ಅಂತಾರೆ. ಹಡಗಾದರೆ ಸಮಾಧಾನ. ನಿಧಾನ ಹೋದರೂ ಅಡ್ಡಿಯಿಲ್ಲ.”

ಉಮ್ಮರ್ ಕುಂಞಿ ತಾಯಿಯ ಹಿಂದೆ ನಿಂತು, ನಾನು ಹೇಳಿ ಸೋತೆ ಎಂಬಂತೆ ಕೈ ತಿರುಗಿಸಿದ. ಇದು ಕಂಪ್ಯೂಟರಿನೊಳಗಿನ ಹಡಗು, ಅದಕ್ಕೆ ಕುಕ್ಕರ್ ಹಿಡಿಸುವುದಿಲ್ಲ ಎಂದು ವಿವರಿಸಲು ಸೇಸಪ್ಪ ಬಾಯಿ ತೆರೆದ. ಆದರೆ ತಲೆ ಆಗಲೇ ಮೇಲೆ ಕೆಳಗೆ ಆಡಿಬಿಟ್ಟಿತ್ತು. ಸುಗಂಧಿ ಕುಕ್ಕರನ್ನು ಇಸಿದುಕೊಂಡು ಬಾಲ್ಕನಿಯಲ್ಲಿಟ್ಟಳು.

“ಇನ್ನೆಂತ ತಡ?” ಎಂದ ಶಬೀರ್.

“ಮಗಳು ಬರಲಿ. ಐದಕ್ಕೆ ಬರ್ತಾಳೆ.”

“ಐದಕ್ಕೆ ನನಗೆ ಅಂಗಡಿ ತೆರೆಯಬೇಕು,” ಎಂದ ಉಮ್ಮರ್ ಕುಂಞಿ. ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗಿಟ್ಟು ಎಲ್ಲರ ಕಡೆ ತಿರುಗಿದ. “ಕ್ಯಾಪ್ಟನಿಗೆ ಮಗಳ ಪರ್ಮಿಷನ್ ಆಗಬೇಕಂತೆ.”

ಯಾರೂ ಜೋರಾಗಿ ನಗಲಿಲ್ಲ. ಶಬೀರನ ಮೀಸೆಯ ಒಂದು ಬದಿ ಮಾತ್ರ ಸ್ವಲ್ಪ ಎದ್ದಿತು. ಜೋರಾಗಿ ನಕ್ಕಿದ್ದರೆ ಸೇಸಪ್ಪ ತಾನೂ ನಕ್ಕು ಕುಳಿತುಬಿಡುತ್ತಿದ್ದನೋ ಏನೋ. ಒಂದು ಬದಿಯ ಮೀಸೆ ಅವನಿಗೆ ತಡೆಯಲಾಗಲಿಲ್ಲ. ಗಡಿಯಾರ ನೋಡಿದ, ಬಾಗಿಲು ನೋಡಿದ. ಹೊರಡುವ ಗುಂಡಿ ಒತ್ತಿದ.

ಮೊದಲ ಎರಡು ನಕ್ಷತ್ರಗಳನ್ನು ದಾಟುವಾಗ ಹಾಲಿನಲ್ಲಿ ಭಕ್ತಿಯ ವಾತಾವರಣವಿತ್ತು. ಬೀಪಾತುಮ್ಮ ತುಟಿಯಲ್ಲೇ ದುವಾ ಹೇಳುತ್ತಿದ್ದರು. ಮೂರನೆಯ ನಕ್ಷತ್ರದ ಹೆಬ್ಬಾಗಿಲಿನ ಬಳಿ ಹಳದಿ ಬಣ್ಣದ ಒಂದು ಹಡಗು ನಿಂತಿತ್ತು. ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು: ನಿಲ್ಲಿಸು, ಸರಕು ತಪಾಸಣೆ.

ಅದು ಲೋಕದ ಯಾವುದೋ ಮೂಲೆಯಲ್ಲಿ ಕುಳಿತ ದರೋಡೆಕೋರನೊಬ್ಬನ ಕುಚೋದ್ಯ. ಆ ಆಟದಲ್ಲಿ ಹಾಗೆ ಹೇಳಿದ ಮಾತ್ರಕ್ಕೆ ನಿಲ್ಲಿಸಿದವರು ಅಂದಿನವರೆಗೆ ಒಬ್ಬರೂ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಆದರೆ ಅವನಿಗೆ ಈವರೆಗೆ ಎದುರಾದವರಲ್ಲಿ ಯಾರೂ ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಇಕಾಮಾ ಮೇಲೆ ಬದುಕಿದವರಾಗಿರಲಿಲ್ಲ.

“ಚೆಕ್ಕಿಂಗ್,” ಎಂದ ಶಬೀರ್, ಸೋಫಾದಲ್ಲಿ ನೆಟ್ಟಗಾಗಿ. ಕೂತವರೆಲ್ಲ ನೆಟ್ಟಗಾದರು. ಉಮ್ಮರ್ ಕುಂಞಿಯ ಕೈ ಅವನಿಗೆ ಗೊತ್ತಿಲ್ಲದೆಯೇ ಜೇಬಿನಲ್ಲಿದ್ದ ಸಿವಿಲ್ ಐಡಿಯನ್ನು ಮುಟ್ಟಿಕೊಂಡಿತು.

“ನಿಲ್ಲಿಸಿ ಸೇಸಪ್ಪಣ್ಣ. ಇಂಜಿನ್ ಆಫ್ ಮಾಡಿ. ಇವರ ಹತ್ತಿರ ವಾದ ಮಾಡಬಾರದು.”

ಸೇಸಪ್ಪ ಆಗಲೇ ಆಫ್ ಮಾಡಿದ್ದ.

“ಒಳಗಿನ ಲೈಟ್ ಹಾಕಿ,” ಎಂದ ಉಮ್ಮರ್ ಕುಂಞಿ. ಹಡಗಿಗೆ ಒಳಗಿನ ಲೈಟ್ ಇರಲಿಲ್ಲ. ಸುಗಂಧಿ ಎದ್ದು ಹಾಲಿನ ಟ್ಯೂಬ್‌ಲೈಟ್ ಹಾಕಿದಳು.

“ಸಲಾಂ ಹೇಳಿ ಮೊದಲು.”

ಸೇಸಪ್ಪ ಎರಡು ಬೆರಳಲ್ಲಿ ಸಲಾಂ ಟೈಪ್ ಮಾಡಿದ. ‘ಸರ್’ ಸೇರಿಸಿದ. ಮನೆಯವರ ಸಾಮಾನು ಮಾತ್ರ ಎಂದು ಬರೆದ.

ಆಗ ಫೋನ್ ಬಡಿಯಿತು. ಜಹ್ರಾದ ಅಂಗಡಿಯಿಂದ ಅಶ್ಕರ್. ಕೊಪ್ಪರಿಗೆ ಹೆಬ್ಬಾಗಿಲಲ್ಲಿ ನಿಂತದ್ದನ್ನು ಅವನು ಅಲ್ಲಿಂದಲೇ ನೋಡಿದ್ದ. “ಅಂಕಲ್, ನಿಲ್ಲಿಸ್—”

“ನಿಲ್ಲಿಸಿದ್ದೇನೆ ಅಶ್ಕರ್. ಚೆಕ್ಕಿಂಗ್ ಉಂಟು. ಇಲ್ಲಿ ಫೋನ್ ಹಿಡಿಯಬಾರದು,” ಎಂದು ಸೇಸಪ್ಪ ಫೋನ್ ಇಟ್ಟ. ಅದು ಮತ್ತೆ ಬಡಿಯಿತು. ಶಬೀರ್ ಅದನ್ನು ತೆಗೆದುಕೊಂಡು ದಿಂಬಿನ ಕೆಳಗೆ ತಳ್ಳಿದ.

ಬೆಲೆಬಾಳುವುದು ಏನಾದರೂ ಇದೆಯೇ ಎಂದು ಹಳದಿ ಹಡಗು ಕೇಳಿತು.

“ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕೇಸು,” ಎಂದ ಶಬೀರ್.

ಸೇಸಪ್ಪ ಯಾವತ್ತೂ ಮುಚ್ಚಿಟ್ಟವನಲ್ಲ. ಮದ್ದುಗುಂಡು ಎರಡು ಪೆಟ್ಟಿಗೆ, ಅಶ್ಕರನದ್ದು, ಎಂದು ಬರೆದ. ಫೆಲ್ಸಿಯ ಕಲ್ಲು. ತಿಲಕನ ಚೀಲ. ಸ್ವಲ್ಪ ಗುಜರಿ, ಎಂದು ಬರೆದಾಗ ಶಬೀರ್ ಅಸಮಾಧಾನದಿಂದ ಮೂಗು ಎಳೆದ. ಕೊನೆಗೆ ಬರೆದ: ಮಗಳ ಸಣ್ಣ ಹಡಗು ಒಂದು. ಹಳೆಯದು. ದಯವಿಟ್ಟು ಮೆಲ್ಲಗೆ ನೋಡಿ.

ಅದನ್ನು ಓದಿ ಆ ಮನುಷ್ಯ ಏನು ಯೋಚಿಸಿದನೋ ಯಾರಿಗೆ ಗೊತ್ತು. ಆಮೇಲೆ, ಥ್ಯಾಂಕ್ಸ್ ಅಂಕಲ್, ಎಂದು ಬಂತು.

“ನೋಡಿ, ಮರ್ಯಾದಸ್ಥ,” ಎಂದ ಉಮ್ಮರ್ ಕುಂಞಿ.

ಕೊಡೆ ಇಲ್ಲದ ಕಡೆಯಿಂದ ಬೆಂಕಿ ಬಂತು. ಕೊಡೆ ಇಲ್ಲದ ಕಡೆ ಎಂದರೆ ಎಲ್ಲ ಕಡೆಯೂ. ಸೇಸಪ್ಪ ಎಣ್ಣೆಯ ಗುಂಡಿ ಇರುವಲ್ಲಿ ಒತ್ತಿದ. ಅಲ್ಲಿ ತಿಲಕನ ಚೀಲವಿತ್ತು. ಪರದೆ ಬಿಳಿಯಾಯಿತು, ಕಪ್ಪಾಯಿತು. ಆಮೇಲೆ ನಕ್ಷತ್ರಗಳು ಏನೂ ಆಗದವರ ಹಾಗೆ ಕಾಣಿಸಿಕೊಂಡವು.

ಸುಗಂಧಿ ಎದ್ದು ಟ್ಯೂಬ್‌ಲೈಟ್ ಆರಿಸಿದಳು.

“ಇದು ಪೊಲೀಸರ ಕೆಲಸ ಅಲ್ಲ,” ಎಂದ ಶಬೀರ್ ಕೊನೆಗೆ, ತೀರ್ಪು ಹೇಳುವವನಂತೆ. “ಐಡಿ ಕೇಳಲೇ ಇಲ್ಲ. ನನಗೆ ಆಗಲೇ ಸಂಶಯ ಇತ್ತು.” ಅವನು ಚಪ್ಪಲಿ ಹುಡುಕಿದ. ಉಮ್ಮರ್ ಕುಂಞಿಗೆ ಅಂಗಡಿ ನೆನಪಾಯಿತು. ಕಳಿಸಿಕೊಡಲು ಬಂದವರು ಬಂದದ್ದಕ್ಕಿಂತ ಬೇಗ ಚದುರಿದರು. ದಿಂಬಿನ ಕೆಳಗೆ ಫೋನ್ ಬಡಿಯುತ್ತಲೇ ಇತ್ತು.

ಐದಕ್ಕೆ ಅಕ್ಷಯಾ ಬಂದಳು. ಕೈಯಲ್ಲಿ ಮಸಿಯಿಂದ ಗೆಳತಿಯರ ಹೆಸರುಗಳಿದ್ದವು. ಅಪ್ಪ ಕುಳಿತ ರೀತಿ ನೋಡಿ ನಿಂತಳು. ಆಮೇಲೆ ಪರದೆ ನೋಡಿದಳು.

“ನೀವು ವೆಯ್ಟ್ ಮಾಡ್ಲಿಲ್ವಾ?”

ಸೇಸಪ್ಪ ತನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ.

“ಬಟ್ ಎಣ್ಣೆ ಇತ್ತಲ್ಲ?”

“ತಿಲಕನ ಚೀಲಕ್ಕೆ ಜಾಗ ಬೇಕಿತ್ತು,” ಅಂದ ಸೇಸಪ್ಪ.

ಅವಳು ಬಗ್ಗಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು. ಬೈದಿದ್ದರೆ ಅವನು ಬೈಸಿಕೊಳ್ಳುತ್ತಿದ್ದ. ಅತ್ತಿದ್ದರೂ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವಳು ಅಪ್ಪನ ಹೆಗಲನ್ನು ಮುಟ್ಟಿಯೂ ಮುಟ್ಟದ ಹಾಗೆ ಮುಟ್ಟಿ, ಅಪರೂಪಕ್ಕೆ ಒಂದು ಇಂಗ್ಲಿಷ್ ಪದವೂ ಇಲ್ಲದೆ ಹೇಳಿದಳು: “ಬರೀ ಆಟ ಅಲ್ವಾ ಪಪ್ಪಾ, ಬಿಡಿ.”

ಮತ್ತೆ ಕೋಣೆಗೆ ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಅಂದಿನಿಂದ ಅದರಾಚೆ ನಗುವೂ ಕೇಳಲಿಲ್ಲ.

ಅಬ್ಬಾಸಿಯಾದಲ್ಲಿ ಆ ವಾರ ಬೇರೆ ಮಾತಿರಲಿಲ್ಲ. ಸೇಸಪ್ಪನ ಕೈಯಲ್ಲಿ ಸಾಮಾನು ಕಳೆದುಹೋಯಿತು. ಫೆಲ್ಸಿ ಏನೂ ಹೇಳಲಿಲ್ಲ, ಆದರೆ ಎರಡು ಸಲ ಓವನ್ನಿನ ಪ್ರಸ್ತಾಪ ಮಾಡಿದಳು. ಶಬೀರನ ಬಾಯಲ್ಲಿ ಗುಜರಿ ದಿನದಿಂದ ದಿನಕ್ಕೆ ಅಪರೂಪದ ಲೋಹವಾಗುತ್ತಾ ಹೋಯಿತು. ಸುಗಂಧಿಯ ಅಕ್ಕ ಮಾತ್ರ, ತಿಲಕನಿಗೆ ಆ ಚೀಲದಲ್ಲಿ ಏನಿತ್ತೆಂದೇ ನೆನಪಿಲ್ಲ, ಬಿಡು, ಅಂದಳಂತೆ. ಇದನ್ನು ಸುಗಂಧಿ ಗಂಡನಿಗೆ ಹೇಳದಿದ್ದರೆ ಒಳ್ಳೆಯದಿತ್ತು.

ಅಕ್ಷಯಾ ಹೊರಡುವ ವಾರ ಬಂತು. ರೂಢಿಯಂತೆ ಬಾಗಿಲು ಬಡಿಯಿತು. ಹಡಗಿನ ವಿಷಯ ಬೇರೆ, ವಿಮಾನದ ವಿಷಯ ಬೇರೆ ಎಂದು ಎಲ್ಲರೂ ತೀರ್ಮಾನಿಸಿಕೊಂಡಿದ್ದರು.

“ಹುಡುಗಿಯ ಬ್ಯಾಗಿನಲ್ಲಿ ಸ್ವಲ್ಪ ಜಾಗ ಉಂಟಾ ಸೇಸಪ್ಪಣ್ಣ?”

“ಇಲ್ಲ,” ಅಂದ ಸೇಸಪ್ಪ.

ಉಮ್ಮರ್ ಕುಂಞಿ ಕೈಯಲ್ಲಿದ್ದ ಹಾಲಿನ ಪುಡಿಯ ಡಬ್ಬಿ ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. ಹೊರಗೆ ಹೋಗಿ ಸುಗಂಧಿಗೆ ಫೋನ್ ಮಾಡಿ, ಬಿಪಿ ಒಮ್ಮೆ ನೋಡಿಸಿ, ಎಂದ. ಶಬೀರ್ ಕಳಿಸಿದ ಕಂಬಳಿ ಮೆಟ್ಟಿಲಿನಿಂದಲೇ ವಾಪಸಾಯಿತು. “ಕ್ಯಾಪ್ಟನಿಗೆ ಅಹಂಕಾರ ಬಂದಿದೆ,” ಎಂದು ಅವನು ಕಚೇರಿಯಲ್ಲಿ ಹೇಳಿದ. ಸೇಸಪ್ಪ ಅಲ್ಲಾಡಲಿಲ್ಲ. ಯಾರು ಬಂದರೂ ಇಲ್ಲ, ಎಷ್ಟು ಸಣ್ಣದಾದರೂ ಇಲ್ಲ. ಒಂದು ಜೀವಮಾನದ ಇಲ್ಲಗಳನ್ನೆಲ್ಲ ಅವನು ಆ ವಾರದಲ್ಲಿ ಹೇಳಿ ಮುಗಿಸಿದ. ಹೊರಡುವ ಹಿಂದಿನ ಸಂಜೆ ಬ್ಯಾಗು ಅರ್ಧ ಖಾಲಿಯಾಗಿ ಹಾಲಿನ ನಡುವೆ ಬಿದ್ದಿತ್ತು. ಸುಗಂಧಿ ಒಳಗೆ ಕೈಯಾಡಿಸಿ, “ಇದರಲ್ಲಿ ಇನ್ನೊಬ್ಬಳು ಕೂತುಕೊಳ್ಳಬಹುದು,” ಅಂದಳು.

ಆಗ ಬೀಪಾತುಮ್ಮ ಬಂದರು. ಕೈ ಖಾಲಿಯಿತ್ತು. ನಿಧಾನಕ್ಕೆ ಕುರ್ಚಿಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡರು.

“ಹಡಗು ಮುಳುಗಿತಂತ ಇವತ್ತು ಗೊತ್ತಾಯಿತು ಮೋನೆ. ಉಮ್ಮರ್ ನನಗೆ ಹೇಳಿರಲಿಲ್ಲ.”

“ಹೌದು ಬೀಪಾತುಮ್ಮ,” ಎಂದ ಸೇಸಪ್ಪ. ಇದು ಕಂಪ್ಯೂಟರಿನದ್ದು ಎಂದು ವಿವರಿಸಲು ಅವನು ಈ ಸಲ ಬಾಯಿಯನ್ನೇ ತೆರೆಯಲಿಲ್ಲ.

“ನನ್ನ ಬಾಪಾ ಮಂಜಿಯಲ್ಲಿ, ಹಾಯಿಯ ಹಡಗಿನಲ್ಲಿ, ಹೆಂಚು ಹೇರಿಕೊಂಡು ಹೋಗುತ್ತಿದ್ದವರು. ಒಮ್ಮೆ ಮುಳುಗಿತು. ಈಜಿ ಬಂದರು. ಆಮೇಲೆ ಎಷ್ಟೋ ಸಮಯ ಮನೆಯಲ್ಲಿ ಸುಮ್ಮನೆ ಕೂತುಕೊಳ್ಳುತ್ತಿದ್ದರು, ಹೀಗೆ, ನಿನ್ನ ಹಾಗೆ. ಯಾರದೋ ಸಾಮಾನು ಇತ್ತಂತೆ ಅದರಲ್ಲಿ.” ಅವರು ಬಾಲ್ಕನಿಯ ಕಡೆ ನೋಡಿದರು. “ನಾನು ಕುಕ್ಕರ್ ವಾಪಸು ತೆಗೆದುಕೊಂಡು ಹೋಗಲಿಕ್ಕೆ ಬಂದದ್ದು. ನಿನ್ನ ತಲೆಬಿಸಿಯ ನಡುವೆ ನನ್ನದೊಂದು ಯಾಕೆ.”

ನಡೆದದ್ದಕ್ಕೆ ಯಾರಾದರೂ ಅವನಿಗಾಗಿ ಬೇಸರಪಟ್ಟದ್ದು ಅದೇ ಮೊದಲು. ಸೇಸಪ್ಪ ಎದ್ದು ಬಾಲ್ಕನಿಗೆ ಹೋಗುವಷ್ಟರಲ್ಲಿ ಅಕ್ಷಯಾ ಅಲ್ಲಿಂದ ಒಳಗೆ ಬರುತ್ತಿದ್ದಳು. ಟವೆಲಿನಲ್ಲಿ ಸುತ್ತಿದ ಕುಕ್ಕರ್ ಅವಳ ಕೈಯಲ್ಲಿತ್ತು. ಅದನ್ನು ಬ್ಯಾಗಿನ ನಡುವೆ ಇಟ್ಟು, ಸುತ್ತ ತನ್ನ ಬಟ್ಟೆಗಳನ್ನು ತುರುಕಿದಳು. ಮುಚ್ಚಳ ಅಲುಗಾಡದಂತೆ ಒಂದು ಕಾಲುಚೀಲ ಸಿಕ್ಕಿಸಿದಳು. ಅಪ್ಪ ಪೆಟ್ಟಿಗೆ ಕಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದ್ದಳಲ್ಲ.

“ಮಗಾ, ಜಾಗ—”

“ಜಾಗ ಉಂಟು ಪಪ್ಪಾ,” ಅಂದಳು, ತಲೆಯೆತ್ತದೆ.

ವಿಮಾನ ನಿಲ್ದಾಣದಲ್ಲಿ ಕುಕ್ಕರಿಗಾಗಿಯೇ ಅವಳ ಬ್ಯಾಗನ್ನು ನಿಲ್ಲಿಸಿದರು. ಗಾಜಿನ ಈಚೆ ನಿಂತು ಸೇಸಪ್ಪ ನೋಡಿದ. ಅಧಿಕಾರಿ ಏನೋ ಕೇಳಿದ. ಅವಳು ಗಾಬರಿಯಿಲ್ಲದೆ ಟವೆಲ್ ಬಿಚ್ಚಿ ತೋರಿಸಿದಳು, ಮತ್ತೆ ಸುತ್ತಿದಳು. ಆಮೇಲೆ ತಿರುಗಿ, ಕೈಯೆತ್ತಿ, ತುಟಿಯಲ್ಲಿ ಏನೋ ಅಂದಳು. ಅದು ‘ಕ್ಲಿಯರ್’ ಎಂದಿರಬಹುದು. ‘ಬೈ’ ಎಂದೂ ಇರಬಹುದು. ಗಾಜು ದಪ್ಪಗಿತ್ತು.

ಕುಕ್ಕರ್ ಶಿಫಾನಾಳಿಗೆ ತಲುಪಿತು. ಚೆನ್ನಾಗಿ ಕೂಗುತ್ತದಂತೆ.

ಈಗ ಶುಕ್ರವಾರಗಳಲ್ಲಿ ಊಟವಾದ ಮೇಲೆ ಸೇಸಪ್ಪ ಆಟಕ್ಕೆ ಕೂರುತ್ತಾನೆ. ಹೊಸದೊಂದು ಸರಕು ಹಡಗು ಮಾಡಿಕೊಂಡಿದ್ದಾನೆ, ಹೆಸರು ಕೊಪ್ಪರಿಗೆಯೇ. ಕೊಡೆ, ರಬ್ಬರ್ ಚಪ್ಪಲಿ, ಗೋಣಿ, ತಗಡು, ಮುಲಾಮು, ಎಣ್ಣೆ, ಆರೂ ತಮ್ಮ ತಮ್ಮ ಕಂಡಿಗಳಲ್ಲಿವೆ. ಅಟ್ಟ ಒಂದೂ ಇಲ್ಲ. ಹೊಟ್ಟೆಯಲ್ಲಿ ಒಂದು ಸಣ್ಣ ಹಡಗು ಹಿಡಿಸುವಷ್ಟು ಜಾಗವಿದೆ. ಹಳೆಯ ಬಂದರಿನಿಂದ ಅದು ಕದಲುವುದಿಲ್ಲ. ತಂಡದವರೆಲ್ಲ ಎಂದೋ ಹೊರಟುಹೋಗಿದ್ದಾರೆ. ಸಂಜೆ ಮಂಗಳೂರಿನಿಂದ ಫೋನ್ ಬರುತ್ತದೆ. “ಊಟ ಆಯ್ತಾ ಮಗಾ?” ಎಂದು ಕೇಳುತ್ತಾನೆ. “ಯಾ,” ಎಂದು ಅವಳು ಹೇಳುತ್ತಾಳೆ. ಹಡಗಿನ ವಿಷಯ ಇಬ್ಬರೂ ಎತ್ತುವುದಿಲ್ಲ.

ಹೋದ ಶುಕ್ರವಾರ ಅಶ್ಕರ್ ಏನೋ ಮರೆತದ್ದನ್ನು ಒಯ್ಯಲು ಆ ಬಂದರಿಗೆ ಬಂದಿದ್ದ. ಒಂಟಿಯಾಗಿ ನಿಂತ ಕೊಪ್ಪರಿಗೆಯನ್ನು ನೋಡಿದ.

“ಅಂಕಲ್, ನೀವು ಇನ್ನೂ ಇಲ್ಲೇ? ಹೊರಡ್ತೀರಾ? ಸ್ವಲ್ಪ ಜಾಗ ಉಂಟಾ?”

“ಉಂಟು,” ಅಂದ ಸೇಸಪ್ಪ. “ಆದರೆ ಹೊರಡುವುದು ಮಗಳು ಬಂದ ಮೇಲೆ.”

ಅಕ್ಷಯಾ ಹೋಗುವ ಮೊದಲೇ ತಂಡದಿಂದ ಹೆಸರು ತೆಗೆಸಿದ್ದಳೆಂದು ಅಶ್ಕರನಿಗೆ ಗೊತ್ತಿತ್ತು. ತೆಗೆದವನು ಅವನೇ.

“ಆಯ್ತು ಅಂಕಲ್,” ಎಂದ. “ನನಗೂ ಅವಸರ ಇಲ್ಲ.”

ಅವನು ತನ್ನ ಹಡಗನ್ನು ತಂದು ಕೊಪ್ಪರಿಗೆಯ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿದ.